ಕ್ಲೋರಿನ್‌ಗೆ ಸಿಕ್ಕಿದ ಕೊಳೆತ ಎಲೆ

ನಲ್ಲಿ ತಿರುಗಿಸಿದ ಕೂಡಲೇ ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಮೂಗು ಮುರಿಯುತ್ತೇವೆ, ಅಲ್ವಾ? ಆ ವಾಸನೆಗೆ ನೂರು ವರ್ಷ ದಾಟಿದೆ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಡಾ. ಜಾನ್ ಲೀಲ್ ಊರಿನ ನೀರಿಗೆ ದಿನವೂ ಕ್ಲೋರಿನ್ ಹಾಕಿಸಲು ಶುರುಮಾಡಿದರು. ಬೇರೆ ಊರುಗಳೂ ಅದನ್ನೇ ಹಿಡಿದವು. ಟೈಫಾಯಿಡ್ ಇಳಿಯಿತು. ರೋಗಾಣು ಕೊಂದ ಮೇಲೆ ಈ ಕ್ಲೋರಿನ್ ನೀರಿನಲ್ಲಿ ಇನ್ನೇನು ಮಾಡುತ್ತದೆ ಎಂದು ಬಹಳ ಕಾಲ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ.

ತಲೆಕೆಡಿಸಿಕೊಂಡವರಲ್ಲಿ ಮೊದಲಿಗರು ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ನೀರು ಸರಬರಾಜಿನ ಕೆಮಿಸ್ಟ್ ಯೊಹಾನೆಸ್ ರೂಕ್. ಮೊದಲು ಬಿಯರ್ ಕಂಪನಿಯಲ್ಲಿದ್ದವರು. ಬಿಯರ್‌ನ ಘಮ ಅಳೆಯಲು ಮುಚ್ಚಿದ ಬಾಟಲಿಯಲ್ಲಿ ದ್ರವದ ಮೇಲೆ ನಿಂತ ಗಾಳಿಯನ್ನು ಎಳೆದು ಪರೀಕ್ಷಿಸುತ್ತಾರೆ. ರೂಕ್ ಅದೇ ಕಸುಬನ್ನು ಕುಡಿಯುವ ನೀರಿನ ಮೇಲೆ ಪ್ರಯೋಗಿಸಿದರು. ಸಿಕ್ಕಿದ್ದು ಕ್ಲೋರೋಫಾರಂ! ಕಾರ್ಖಾನೆ ಕೊಳಕಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ನೀರಿನಲ್ಲಿ ಕೊಳೆತ ಎಲೆ, ಗಿಡಗಂಟಿಗಳ ಸಾರವೇ ಕ್ಲೋರಿನ್ ಜೊತೆ ಸೇರಿ ಕ್ಲೋರೋಫಾರಂ ಸೇರಿದಂತೆ ಟ್ರೈಹಾಲೋಮೀಥೇನ್ ಎಂಬ ಗುಂಪಿನ ರಾಸಾಯನಿಕಗಳಾಗುತ್ತಿತ್ತು. ನೀರಿಗೆ ತೆಳು ಚಹಾದ ಬಣ್ಣ ಕೊಡುವ ಸಾರ ಅದು. ರೂಕ್ ಇದನ್ನು ಪ್ರಕಟಿಸಿದ್ದು 1974ರಲ್ಲಿ.

1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ದೊಡ್ಡ ಪ್ರಮಾಣದ ಕ್ಲೋರೋಫಾರಂ ತಿನ್ನಿಸಿದ ಇಲಿಗಳಲ್ಲಿ ಕ್ಯಾನ್ಸರ್ ಕಂಡಿತು. 1979ರಲ್ಲಿ ಅಲ್ಲಿನ ಸರ್ಕಾರ ಟ್ರೈಹಾಲೋಮೀಥೇನ್‌ಗಳಿಗೆಲ್ಲ ಸೇರಿ ಲೀಟರಿಗೆ 100 ಮೈಕ್ರೋಗ್ರಾಂ ಮಿತಿ ಹಾಕಿತು. 1998ರಲ್ಲಿ ಅದು 80ಕ್ಕೆ ಇಳಿಯಿತು. ಮನುಷ್ಯರ ವಿಷಯ ಇಷ್ಟು ಸಲೀಸಲ್ಲ. ದಶಕಗಟ್ಟಲೆ ಇಂಥ ನೀರು ಬಳಸಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಕಾರಣ ಇದೇ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಕ್ಲೋರಿನ್ ನಿಲ್ಲಿಸಿದರೆ ಕಾಲರಾ ಬರುವುದು ಮಾತ್ರ ಗ್ಯಾರಂಟಿ ಅಪಾಯ ಎಂದೇ ನನ್ನ ಲೆಕ್ಕ.

ಮಿತಿಯೊಳಗೆ ಇರಲು ಹೋಗಿ ಪೆಟ್ಟು ತಿಂದ ಊರು ವಾಷಿಂಗ್ಟನ್. 2000ರ ನವೆಂಬರಿನಲ್ಲಿ ಅಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್, ಅಂದರೆ ಅಮೋನಿಯಾ ಬೆರೆತ ಕ್ಲೋರಿನ್, ಬಂತು. ಟ್ರೈಹಾಲೋಮೀಥೇನ್ ಇಳಿಯಿತು. ಆದರೆ ಹಳೇ ಮನೆಗಳಿಗೆ ಹೋಗುವ ಪೈಪುಗಳು ಸೀಸದವು. ಖಾರವಾದ ಕ್ಲೋರಿನ್ ಇರುವವರೆಗೆ ಅವುಗಳ ಒಳಗೋಡೆಗೆ ಗಟ್ಟಿ ಪದರ ಕಟ್ಟಿತ್ತು. ಮೆದು ಕ್ಲೋರಮೈನ್ ಬಂದಾಗ ಆ ಪದರ ಕರಗತೊಡಗಿತು. ಸೀಸ ನೇರ ಲೋಟಕ್ಕೆ! 2004ರ ಜನವರಿಯಲ್ಲಿ ಪತ್ರಿಕೆ ಬರೆದ ಮೇಲೆಯೇ ಊರಿಗೆಲ್ಲ ಗೊತ್ತಾದದ್ದು. ಆಮೇಲೆ ಫಾಸ್ಫೇಟ್ ಹಾಕಿ ಹೊಸ ಪದರ ಕಟ್ಟಿಸಬೇಕಾಯಿತು. ಅಮೆರಿಕದ್ದೇ ಇನ್ನೊಂದು ಊರು ಫ್ಲಿಂಟ್‌ನಲ್ಲಿ ಉಲ್ಟಾ. 2014ರಲ್ಲಿ ನದಿ ನೀರಿಗೆ ಬದಲಾಯಿಸಿದರು, ಬ್ಯಾಕ್ಟೀರಿಯಾ ಕಂಡಿತು, ಕ್ಲೋರಿನ್ ಏರಿಸಿದರು, ಟ್ರೈಹಾಲೋಮೀಥೇನ್ ಮಿತಿ ಮೀರಿತು.

ಹಾಗಾಗಿ ಕ್ಲೋರಿನ್ ಬದಲಿಸುವುದಕ್ಕಿಂತ ಎಲೆಯ ಸಾರವನ್ನು ಮೊದಲು ತೆಗೆಯುವುದು ಜಾಣತನ. ಆಲಂ ಹಾಕಿ ಕೆಸರು ತಳಕ್ಕೆ ಇಳಿಸಿ, ಮರಳಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500ರಲ್ಲಿ ಒಂದು ತಮಾಷೆ ಇದೆ. ನಲ್ಲಿ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಕ್ಲೋರೋಫಾರಂ ಗರಿಷ್ಠ 0.2 ಮಿಲಿಗ್ರಾಂ. ಮೊದಲನೆಯದನ್ನು ಒಂದು ಟ್ಯೂಬಿಗೆ ಎರಡು ಹನಿ ಔಷಧಿ ಬಿಟ್ಟು, ಹಳದಿ ಬಣ್ಣ ನೋಡಿ ಹೇಳಬಹುದು. ಎರಡನೆಯದಕ್ಕೆ ದುಬಾರಿ ಯಂತ್ರವಿರುವ ಲ್ಯಾಬ್ ಬೇಕು.

ಮನೆಯಲ್ಲಿ? ಮುಚ್ಚಳ ತೆಗೆದು ಚೆನ್ನಾಗಿ ಕುದಿಸಿದರೆ ಕ್ಲೋರೋಫಾರಂ ಬಹುಪಾಲು ಹಾರಿಹೋಗುತ್ತದೆ. ಬಚ್ಚಲಲ್ಲೂ ಹಾರುತ್ತದೆ, ಅಲ್ಲಿ ಹೋಗುವುದು ನಮ್ಮ ಮೂಗಿಗೆ. ಬಿಸಿನೀರ ಶವರ್ ಮುಗಿಸಿ ಬಂದವರು ಬಿಟ್ಟ ಉಸಿರಿನಲ್ಲೇ ಅದನ್ನು ಅಳೆದದ್ದುಂಟು. ಕಿಟಕಿ ತೆರೆದಿಡಿ.