ಜಲಾನಯನ: ಬೆಂಗಳೂರಿನ ನಡುವೆ ಹಾದ ಗೆರೆ

ಬೆಂಗಳೂರು ಕಾವೇರಿ ಜಲಾನಯನದ ಒಳಗಿದೆಯೇ, ಹೊರಗಿದೆಯೇ? ಒಂದು ಮಹಾನಗರದ ಕುಡಿಯುವ ನೀರಿನ ಲೆಕ್ಕ ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ನಿಂತಿತ್ತು.

ಬಿದ್ದ ಮಳೆ ಇಳಿಜಾರು ಹಿಡಿದು ಒಂದು ಹೊಳೆಯನ್ನೋ ಕೆರೆಯನ್ನೋ ಸೇರುವ ಅಷ್ಟೂ ನೆಲ ಅದರ ಜಲಾನಯನ. ಇದನ್ನು ಅಚ್ಚುಕಟ್ಟಿನೊಂದಿಗೆ ಬೆರೆಸಬಾರದು. ಕೆರೆಗೆ ನೀರು ಕೊಡುವ ಮೇಲಿನ ನೆಲ ಜಲಾನಯನ. ಏರಿಯ ಕೆಳಗೆ ತೂಬಿನ ನೀರುಣ್ಣುವ ಗದ್ದೆಬಯಲು ಅಚ್ಚುಕಟ್ಟು. ಇಂಗ್ಲಿಷಿನ ‘ವಾಟರ್‌ಶೆಡ್’ ಜರ್ಮನ್ ಪದವೊಂದರ ಮಾದರಿಯಲ್ಲಿ ಹುಟ್ಟಿದ್ದು. ಮೊದಲು ಅದಕ್ಕೆ ನೀರನ್ನು ಇಬ್ಭಾಗಿಸುವ ದಿಣ್ಣೆ ಎಂದಷ್ಟೇ ಅರ್ಥವಿತ್ತು. ಮುಂದೆ ಅಮೆರಿಕದ ಬಳಕೆಯಲ್ಲಿ ದಿಣ್ಣೆಯಿಂದ ಹೊಳೆಯವರೆಗಿನ ಇಡೀ ನೆಲಕ್ಕೆ ಅದೇ ಹೆಸರಾಯಿತು.

ನೆಲವನ್ನು ಹೀಗೆ ನೋಡುವ ಕ್ರಮವೂ ಹಳೆಯದೇ. 1752ರಲ್ಲಿ ಫ್ರಾನ್ಸಿನ ಭೂಗೋಳಜ್ಞ ಫಿಲಿಪ್ ಬುವಾಶ್ ಭೂಮಿಯನ್ನೆಲ್ಲ ಪರ್ವತಸಾಲುಗಳು ನದಿ ಜಲಾನಯನಗಳಾಗಿ ವಿಂಗಡಿಸುತ್ತವೆ ಎಂದು ವಾದಿಸಿದ. 1890ರ ಹೊತ್ತಿಗೆ ಅಮೆರಿಕದ ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್, ಒಣ ಪಶ್ಚಿಮ ಸೀಮೆಯ ಆಡಳಿತವನ್ನು ಜಲಾನಯನಗಳ ಪ್ರಕಾರವೇ ರೂಪಿಸಬೇಕೆಂದು ನಕ್ಷೆ ಬರೆದ, ಯಾರೂ ಒಪ್ಪಲಿಲ್ಲ. ನಮ್ಮಲ್ಲಿ 2001ರ ಸುಜಲ ಜಲಾನಯನ ಯೋಜನೆಯ ಹೊತ್ತಿಗೆ ಈ ಪದ ಬದು, ಚೆಕ್‌ಡ್ಯಾಂ, ಕೃಷಿಹೊಂಡಗಳ ಜೊತೆ ಹಳ್ಳಿಗಳಿಗೂ ತಲುಪಿತ್ತು.

ಆದರೆ ಪದದ ನಿಜವಾದ ಭಾರ ತಿಳಿದದ್ದು ಕಾವೇರಿ ವಿವಾದದಲ್ಲಿ. ಬೆಂಗಳೂರು ಕೂತಿರುವುದೇ ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿ ಎಂಬ ಬೇರೆಯೇ ನದಿಯ ಪಾಲು. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿಯೊಳಗಿದೆ ಎಂದು ಎಣಿಸಿತು. ಅಗತ್ಯದ ಅರ್ಧವನ್ನು ಅಂತರ್ಜಲ ನೀಗಿಸುತ್ತದೆ ಎಂದೂ ಭಾವಿಸಿತು. ಮಳೆನೀರಿಗೆ ಒಪ್ಪುವ ಗೆರೆಯನ್ನು ಬಾಯಾರಿಕೆಗೂ ಎಳೆದಂತಾಯಿತು. ಒಂದೇ ನಗರದ ಎರಡು ಮಗ್ಗುಲಿನ ಮನೆಗಳ ದಾಹಕ್ಕೆ ಬೇರೆಬೇರೆ ನದಿಗಳನ್ನು ಹೊಣೆ ಮಾಡುವುದು ನ್ಯಾಯವೆನಿಸುವುದಿಲ್ಲ.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಇದನ್ನು ತಿದ್ದಿತು. ಕುಡಿಯುವ ನೀರಿಗೆ ಆದ್ಯತೆ ಕೊಟ್ಟು, ಇಡೀ ನಗರವನ್ನು ಲೆಕ್ಕಕ್ಕೆ ಹಿಡಿದು ಬೆಂಗಳೂರಿಗಾಗಿ 4.75 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹೆಚ್ಚಿಸಿತು. ತಮಿಳುನಾಡಿಗೆ ಅಂತರ್ಜಲವೂ ಇದೆ ಎಂದು ಗಣಿಸಿ ಕರ್ನಾಟಕಕ್ಕೆ ನೀಡಿದ 10 ಟಿಎಂಸಿಯೂ ಕೂಡಿ ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿತು.

ಇದರ ಇನ್ನೊಂದು ಮುಖ ಅಷ್ಟಾಗಿ ಚರ್ಚೆಯಾಗಿಲ್ಲ. ಪೂರ್ವದ ಬಡಾವಣೆಗಳಲ್ಲಿ ಬಳಸಿದ ಕಾವೇರಿ ನೀರು ಕೊಳಚೆಯಾಗಿ ಬೆಳ್ಳಂದೂರು, ವರ್ತೂರು ಕೆರೆಗಳ ದಾರಿಯಲ್ಲಿ ಪಿನಾಕಿನಿಗೆ ಹೋಗುತ್ತದೆ. ಅದರಲ್ಲೇ ಒಂದು ಭಾಗವನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡಲಾಗುತ್ತಿದೆ. ಪಶ್ಚಿಮದ ಕೊಳಚೆ ವೃಷಭಾವತಿಯಲ್ಲಿ ಹರಿದು ಬಿಡದಿ ಸಮೀಪದ ಬೈರಮಂಗಲ ಕೆರೆಗೆ ಬೀಳುತ್ತದೆ. ಅಲ್ಲಿನ ರೈತರೂ ಕಾವೇರಿ ಜಲಾನಯನದವರೇ. ನೀರು ಕೇಳುವಾಗ ಇಡೀ ನಗರವನ್ನು ಲೆಕ್ಕಕ್ಕೆ ಹಿಡಿಸಿಕೊಂಡ ನಾವು, ಅವರ ಹೊಲಕ್ಕೆ ಹಿಂತಿರುಗುವ ನೀರು ಹೇಗಿರಬೇಕೆಂಬುದಕ್ಕೂ ಅಷ್ಟೇ ಹಠ ಹಿಡಿಯಬೇಕಾಗಿತ್ತು.