ಪತ್ತೇದಾರಿ ಕಾದಂಬರಿ ಓದಿ ಮುಗಿಸಲು ಎಷ್ಟು ಹೊತ್ತು ಬೇಕು?

ಶ್ರೀರಂಗಪಟ್ಟಣದಿಂದ ಶುರುವಾಗುವ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯೊಂದಿದೆ: ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’. 1799ರ ಮುತ್ತಿಗೆಯ ಗದ್ದಲದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಟಿಪ್ಪುವಿನ ಶಸ್ತ್ರಾಗಾರದಿಂದ ವಜ್ರವೊಂದನ್ನು ಲಪಟಾಯಿಸುತ್ತಾನೆ. ಮುತ್ತಿಗೆ ನಿಜ, ವಜ್ರ ಕಟ್ಟುಕತೆ. ಸುಮಾರು 2 ಲಕ್ಷ ಪದಗಳ ಈ ಪುಸ್ತಕಕ್ಕೆ ಎಷ್ಟು ಹೊತ್ತು ಬೇಕು?

ಲೆಕ್ಕ ಸಲೀಸು. ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಕರು ಇಂಗ್ಲಿಷ್ ಕತೆಯನ್ನು ಮನಸ್ಸಿನಲ್ಲೇ ಓದುವ ಸರಾಸರಿ ವೇಗ ನಿಮಿಷಕ್ಕೆ 260 ಪದ ಎಂದು ಕಂಡಿತು. ಹಾಗಾದರೆ ‘ಮೂನ್‌ಸ್ಟೋನ್’ಗೆ 12–13 ಗಂಟೆ. ಷರ್ಲಾಕ್ ಹೋಮ್ಸ್‌ನ ‘ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ಗೆ ನಾಲ್ಕು ಗಂಟೆಯೂ ಬೇಡ. ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ‘ಮರ್ಡರ್ಸ್ ಇನ್ ದಿ ರೂ ಮಾರ್ಗ್’ ಒಂದು ಗಂಟೆಯೊಳಗೆ ಮುಗಿಯಬೇಕು.

ಮುಗಿಯಬೇಕು, ಆದರೆ ಅನೇಕರು ಎಡವುವುದು ಇಲ್ಲೇ. ಕೊಲೆಗೆ ಮೊದಲು ಪೋ ಚದುರಂಗ, ಇಸ್ಪೀಟುಗಳನ್ನು ಎಳೆತಂದು ವಿಶ್ಲೇಷಣಾ ಶಕ್ತಿಯ ಮೇಲೆ ಪುಟಗಟ್ಟಲೆ ಪ್ರಬಂಧ ಬರೆಯುತ್ತಾನೆ, ಅದೂ ಉದ್ದುದ್ದ ವಾಕ್ಯಗಳಲ್ಲಿ. ಇಂಥ ಕಷ್ಟವನ್ನು ಅಳೆಯಲೆಂದೇ ರುಡಾಲ್ಫ್ ಫ್ಲೆಶ್ 1948ರಲ್ಲಿ ಒಂದು ಸೂತ್ರ ಕೊಟ್ಟ. ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಉಚ್ಚಾರಾಂಶ ಎಂಬ ಎರಡೇ ಲೆಕ್ಕ. ಹತ್ತು ಪದಗಳ ವಾಕ್ಯ, ಪದಕ್ಕೆ ಸರಾಸರಿ 1.3 ಉಚ್ಚಾರಾಂಶವಾದರೆ ಅಂಕ 87ರ ಹತ್ತಿರ, ಅಂದರೆ ಸುಲಭ. ಮೂವತ್ತು ಪದ, 1.6 ಉಚ್ಚಾರಾಂಶವಾದರೆ 41ಕ್ಕೆ ಇಳಿಯುತ್ತದೆ, ಅಂದರೆ ಕಷ್ಟ. (ಪ್ರತ್ಯಯದ ಮೇಲೆ ಪ್ರತ್ಯಯ ಪೋಣಿಸುವ ಕನ್ನಡಕ್ಕೆ ಈ ಸೂತ್ರ ಹಚ್ಚಿದರೆ ಮಕ್ಕಳ ಕತೆಯೂ ಕಬ್ಬಿಣದ ಕಡಲೆಯಾದೀತು!)

ಪೋನ ಪ್ರಬಂಧ ಕಷ್ಟವೆಂದು ಸೂತ್ರ ಹಿಡಿಯುತ್ತದೆ. ಆದರೆ ಪತ್ತೇದಾರಿ ಕತೆಯ ಅಸಲಿ ಕಷ್ಟ ಅದರ ಬಲೆಗೆ ಬೀಳುವುದೇ ಇಲ್ಲ. ಈಗ ಹೇಳಿ: ಸಮುದ್ರ ಹಾರಿ ಲಂಕೆಗೆ ಹೋಗಿ ಸೀತೆಗೆ ರಾಮನ ಉಂಗುರ ಕೊಟ್ಟ ಅಂಗದ ಯಾರ ಮಗ? ‘ವಾಲಿಯ ಮಗ’ ಎಂದಿರಾ? ಉಂಗುರ ಕೊಟ್ಟವನು ಹನುಮಂತ. ವಾಕ್ಯದಲ್ಲಿ ಒಂದೂ ಕಠಿಣ ಪದವಿಲ್ಲ. ಇಂಥದ್ದೇ ಪ್ರಯೋಗವನ್ನು ಸಂಶೋಧಕರಾದ ಎರಿಕ್ಸನ್ ಮತ್ತು ಮ್ಯಾಟ್‌ಸನ್ 1981ರಲ್ಲಿ ಬೈಬಲ್ಲಿನ ಕತೆ ಹಿಡಿದು ಮಾಡಿದ್ದರು. ಪ್ರಳಯದಲ್ಲಿ ಪ್ರಾಣಿಗಳನ್ನು ನಾವೆಗೆ ಹತ್ತಿಸಿಕೊಂಡ ನೋವಾನ ಬದಲು ಬೈಬಲ್ಲಿನದೇ ಇನ್ನೊಬ್ಬ, ಮೋಸೆಸ್‌ನ ಹೆಸರಿಟ್ಟು, ಪ್ರತಿ ಜಾತಿಯ ಎಷ್ಟು ಪ್ರಾಣಿಗಳನ್ನು ಹತ್ತಿಸಿಕೊಂಡ ಎಂದು ಕೇಳಿದರೆ, ಸರಿಯಾದ ಕತೆ ಗೊತ್ತಿದ್ದವರೂ ‘ಎರಡು’ ಎಂದುಬಿಟ್ಟರು. ಸಂದರ್ಭಕ್ಕೆ ಒಗ್ಗುವ ಮಾತನ್ನು ಮಿದುಳು ಮೇಲ್ಮೇಲೆ ಸವರಿಕೊಂಡು ಹೋಗುತ್ತದೆ. ಪ್ರಶ್ನೆ ಕೇಳಿದ ಭಾಗಕ್ಕೇ ಗಮನವೆಲ್ಲ.

ಪತ್ತೇದಾರಿ ಲೇಖಕರು ಬದುಕಿರುವುದೇ ಈ ದೌರ್ಬಲ್ಯದ ಮೇಲೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಕ್ಯಾಥರಿನ್ ಎಮಟ್ ಮತ್ತು ಮಾರ್ಕ್ ಅಲೆಕ್ಸಾಂಡರ್ ಈ ಕೈಚಳಕವನ್ನು ಬಿಡಿಸಿ ನೋಡಿದ್ದಾರೆ. ಸುಳಿವನ್ನು ಸಾಮಾನುಗಳ ಪಟ್ಟಿಯ ನಡುವೆ ತೂರಿಸುವುದು, ಉಪವಾಕ್ಯದೊಳಗೆ ಅಡಗಿಸುವುದು, ಪಕ್ಕದಲ್ಲೇ ಕಣ್ಣು ಕುಕ್ಕುವಂಥ ಇನ್ನೊಂದು ಸಂಗತಿ ಇಡುವುದು. ಅಗಾಥಾ ಕ್ರಿಸ್ಟಿಯ ಸರಳ ಇಂಗ್ಲಿಷನ್ನು ‘ಬರಿ ಸರಳ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಓದುಗ ಸರಾಗವಾಗಿ ಓಡುತ್ತಿದ್ದರೆ ತಾನೇ ಸುಳಿವು ಕಣ್ತಪ್ಪುವುದು?

ಓದುವಾಗ ಕಣ್ಣು ಸಾಲಿನ ಮೇಲೆ ಜಿಗಿಯುತ್ತ ಹೋಗುತ್ತದೆ. ಒಂದೊಂದು ಕಡೆ ನಿಲ್ಲುವುದು ಸುಮಾರು ಕಾಲು ಸೆಕೆಂಡು. ನುರಿತ ಓದುಗರಲ್ಲೂ ಜಿಗಿತಗಳಲ್ಲಿ ಶೇ. 10–15ರಷ್ಟು ಹಿಮ್ಮುಖ. ನಿಮಿಷಕ್ಕೆ 260 ಎಂಬ ಸರಾಸರಿಯಲ್ಲಿ ಈ ಪುಟ್ಟ ಹಿಂಜಿಗಿತಗಳು ಸೇರಿವೆ. ಕೊನೆಯ ಅಧ್ಯಾಯದಲ್ಲಿ ಬೆಚ್ಚಿ ಮೂರನೆಯ ಅಧ್ಯಾಯಕ್ಕೆ ಪುಟ ತಿರುಗಿಸುವ ಹೊತ್ತು ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ. ‘ಮೂನ್‌ಸ್ಟೋನ್’ ಮೊದಲು ಬಂದದ್ದು ವಾರಪತ್ರಿಕೆಯಲ್ಲಿ, ಜನವರಿಯಿಂದ ಆಗಸ್ಟ್‌ವರೆಗೆ 32 ಕಂತು. ಆ ಓದುಗರಿಗೆ ಹಳೆಯ ಸುಳಿವು ಬೇಕಾದರೆ ತಿಂಗಳುಗಳ ಹಿಂದಿನ ಸಂಚಿಕೆ ಹುಡುಕಬೇಕಿತ್ತು.