ಪದ ಪರಿಚಯ: ದೀರ್ಘಕಾಲೀನ ಆರೈಕೆ

ಆರೈಕೆ ಎಂದೊಡನೆ ನಮಗೆ ನೆನಪಾಗುವುದು ಬಾಣಂತಿ. ಎಣ್ಣೆ, ಬಿಸಿನೀರು, ಒಳ್ಳೆಮೆಣಸಿನ ಸಾರು. ವಯಸ್ಸಾದವರಿಗೆ ಬಳಸುವ ಮಾತೇ ಬೇರೆ: ‘ನೋಡಿಕೊಳ್ಳೋದು’, ಮನಸ್ಸು ಹದವಾಗಿದ್ದರೆ ‘ಸೇವೆ’, ಬೇಸತ್ತರೆ ‘ಚಾಕರಿ’. ಹಳಗನ್ನಡದ ‘ಆರಯ್’ಗೆ ಹುಡುಕು, ವಿಚಾರಿಸು, ಪೋಷಿಸು ಎಂಬ ಅರ್ಥಗಳಿದ್ದವು; ಅದಕ್ಕೆ ವಯಸ್ಸಿನ ಹಂಗಿರಲಿಲ್ಲ. ಬಾಣಂತನವಾದರೆ ಮುಗಿಯುವ ದಿನವೊಂದು ಉಂಟು. ಮುಪ್ಪಿನ ಆರೈಕೆಗೆ ಅದಿಲ್ಲ. ‘ದೀರ್ಘಕಾಲೀನ’ ಎಂಬ ಆ ಒಣ ಸರಕಾರಿ ಪದ ಅಂಟಿಕೊಂಡದ್ದು ಅದಕ್ಕೇ.

ಇದು ಚಿಕಿತ್ಸೆ ಅಲ್ಲ. ವಾಸಿಯಾಗದೆ ಉಳಿದ ನಿಶ್ಶಕ್ತಿಯ ಜೊತೆ ದಿನ ದೂಡಲು ಬೇಕಾದ ನೆರವು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟರು: ಸ್ನಾನ, ಬಟ್ಟೆ ತೊಡುವುದು, ಪಾಯಿಖಾನೆಗೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರ ತಡೆದುಕೊಳ್ಳುವುದು, ಊಟ. ಈ ಆರರಲ್ಲಿ ಎಷ್ಟಕ್ಕೆ ಇನ್ನೊಬ್ಬರ ಕೈ ಬೇಕು? ಸಾಮಾನ್ಯವಾಗಿ ಮೊದಲು ಕೈಕೊಡುವುದು ಸ್ನಾನ, ಕೊನೆಗೆ ಊಟ. ಮಗು ಕಲಿಯುವ ಕ್ರಮದ ತಿರುವುಮುರುವು.

‘ಇನ್ಶೂರೆನ್ಸ್ ಇದೆಯಲ್ಲ’ ಎನ್ನುವ ಹುಡುಗರು ಎಡವುವುದು ಇಲ್ಲೇ. 70 ತುಂಬಿದವರಿಗೆಲ್ಲ 2024ರಿಂದ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿದೆ, ಸಂತೋಷ. ಆದರೆ ಅದು ಆಸ್ಪತ್ರೆ ಸೇರಿದರೆ. ಮನೆಯಲ್ಲಿ ದಿನಾ ಮೀಯಿಸುವವರ ಸಂಬಳ ಅದರಿಂದ ಹುಟ್ಟುವುದಿಲ್ಲ. ಜಪಾನಿನಲ್ಲಿ 2000ದಿಂದ ಈ ಆರೈಕೆಗೆಂದೇ ಪ್ರತ್ಯೇಕ ವಿಮೆ ಇದೆ. ಕಂತು ಕಟ್ಟುವುದು 40ನೇ ವಯಸ್ಸಿಗೇ ಶುರು. ಹೆತ್ತವರು, ಹಿರಿಯ ನಾಗರಿಕರಿಗೆಂದು ಇರುವ ನಮ್ಮ 2007ರ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. ಎಬ್ಬಿಸಿ ಕೂರಿಸುವವರನ್ನು ಪಾಪ ಅದು ಎಲ್ಲಿಂದ ತರಬೇಕು?

ಮುಂಬಯಿ ಕನ್ನಡಿಗರ ಹಳೆಯ ಉತ್ತರ ‘ಊರಿಗೆ ಹೋಗ್ತೇವೆ’ ಎಂಬುದು. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಕೊನೆಗೆ ಉಡುಪಿ ಕಡೆಯ ಮನೆ ಸೇರುವುದು. ಈಗ ಎಷ್ಟೋ ಕಡೆ ಆ ಮನೆಗೇ ಬೀಗ.

ನನ್ನ ದೊಡ್ಡಮ್ಮ ಇರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಾಳಿಗೆಯಲ್ಲಿ, 26ರ ಮೊಮ್ಮಗನ ಜೊತೆ. ಬಚ್ಚಲ ಗೋಡೆಗೆ ಸ್ಟೀಲ್ ಹಿಡಿ ಹಾಕಿಸುವಾಗ ಪ್ಲಂಬರ್ ತನ್ನ ಎದೆಮಟ್ಟಕ್ಕೆ ಗುರುತು ಮಾಡಿದ್ದನಂತೆ. ಹುಡುಗ ಅದನ್ನು ಅಳಿಸಿ, ಅಜ್ಜಿಯನ್ನೇ ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಯಿತೋ ಅಲ್ಲಿ ಪೆನ್ಸಿಲಿನಿಂದ ಗೀಟು ಎಳೆದ. “ನನ್ನನ್ನು ಎತ್ಲಿಕ್ಕೆ ಬರಬೇಡ ಮಾರಾಯ, ಹಿಡ್ಕೊಳ್ಳಿಕ್ಕೆ ಒಂದು ಇದ್ದರೆ ನಾನೇ ಏಳ್ತೇನೆ” ಅಂದರಂತೆ ದೊಡ್ಡಮ್ಮ. ‘ಆರಯ್’ ಪದಕ್ಕೆ ಹುಡುಕು ಎಂಬ ಅರ್ಥ ಯಾಕಿದೆ ಎಂದು ನನಗೆ ಹೊಳೆದದ್ದು ಆ ಗೀಟಿನ ಕಥೆ ಕೇಳಿದ ಮೇಲೆ.

ಆರೈಕೆಗೆ ಜನ ಕಳಿಸುವ ಬ್ಯೂರೋದಿಂದ ಬರುವ ಮಾವ್ಶಿಯ (ನೋಡಿಕೊಳ್ಳುವ ಹೆಂಗಸಿನ) ಪಾಳಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಮೊಮ್ಮಗನಿಗೆ ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಸಿಗುವುದೇ ಎಂಟಕ್ಕೆ. ನಡುವಿನ ಮುಕ್ಕಾಲು ಗಂಟೆ ಎದುರು ಮನೆಯ ಮರಾಠಿ ಕಾಕು ಬಂದು ಕೂತಿರುತ್ತಾರೆ. ಅವರಿಗೂ ಈಗ 71.